ಶ್ರೀ ವ್ಯಾಸರಾಯರು: ಕಾವಿಯೂ ಸಿಂಹಾಸನವೂ

ರಾಯದುರ್ಗದ ಕೋಟೆಯ ತಪ್ಪಲಿನಿಂದ ಮಡಕಶಿರಾ ಸೀಮೆಯವರೆಗೆ ಸಂಚರಿಸುವ ಭಕ್ತನಿಗೆ ಆಂಜನೇಯನ ಗುಡಿಯಿಲ್ಲದ ಊರು ಕಾಣಸಿಗುವುದು ವಿರಳ. ಊರಬಾಗಿಲಲ್ಲಿ, ಕೆರೆಯ ಏರಿಯ ಮೇಲೆ, ಬೆಟ್ಟದ ಬುಡದಲ್ಲಿ, ಒಂದು ಕೈಯನ್ನು ಮೇಲೆತ್ತಿ ಅಭಯವಿತ್ತು ನಿಂತ ಸ್ವಾಮಿಯ ಮುಂದೆ ಶನಿವಾರದ ದೀಪ ಬೆಳಗುತ್ತದೆ. ಕನ್ನಡದಲ್ಲಿ ಹಾಡುವವರೂ ತೆಲುಗಿನಲ್ಲಿ ಹಾಡುವವರೂ ಅಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಈ ಮೂರ್ತಿಯನ್ನು ಸ್ಥಾಪಿಸಿದವರಾರೆಂದು ಊರಿನ ಹಿರಿಯರನ್ನು ಕೇಳಿದರೆ ಎಷ್ಟೋ ಕಡೆ ಬರುವ ಉತ್ತರ ಒಂದೇ: ಶ್ರೀ ವ್ಯಾಸರಾಯರು. ಡಿ. ಹಿರೇಹಾಳು ಪ್ರಾಂತದ ಮುರಡಿಯ ಆಂಜನೇಯನನ್ನೂ ಗುಂತಕಲ್ಲಿಗೆ ಸಮೀಪದ ಕಸಾಪುರದ ನೆಟ್ಟಿಕಂಟಿ ಆಂಜನೇಯನನ್ನೂ ಅವರ ಪ್ರತಿಷ್ಠೆಯೆಂದೇ ಜನ ಪೂಜಿಸಿಕೊಂಡು ಬಂದಿದ್ದಾರೆ. ಪೆನುಗೊಂಡೆಯ ಸೀಮೆಯಲ್ಲಿಯೂ ಅನೇಕ ಹನುಮನ ಗುಡಿಗಳು ಅವರ ಹೆಸರಿನೊಡನೆ ಬೆಸೆದುಕೊಂಡಿವೆ. ಅವರು ಸ್ಥಾಪಿಸಿದ ಮೂರ್ತಿಗಳು ಒಟ್ಟು 732 ಎಂಬುದು ಸಂಪ್ರದಾಯದ ಎಣಿಕೆ.

ಈ ಮಹನೀಯರು ವಿದ್ವಾಂಸರಿಗೆ ನ್ಯಾಯಾಮೃತದ ಕರ್ತೃಗಳು; ಇತಿಹಾಸಕಾರರಿಗೆ ವಿಜಯನಗರದ ರಾಜಗುರುಗಳು; ಹರಿದಾಸರಿಗೆ ಪುರಂದರದಾಸರ ಗುರುಗಳು. ಆದರೆ ಅವರ ಜೀವನವನ್ನು ಆದ್ಯಂತ ನೋಡಿದವರಿಗೆ ಬೇರೊಂದು ವಿಶೇಷ ಗೋಚರಿಸದೆ ಇರದು. ಭಗವಂತನು ಒಬ್ಬ ಮನುಷ್ಯನನ್ನು ಯಾವ ಕಾರ್ಯಕ್ಕೆ ಕರೆಯುತ್ತಾನೆ, ಯಾವ ಕಾರ್ಯಕ್ಕೆ ಕರೆಯುವುದಿಲ್ಲ ಎಂಬುದು ಅಲ್ಲಿ ಸ್ಫುಟವಾಗಿ ತೋರುತ್ತದೆ. ದೊಡ್ಡ ದೊಡ್ಡ ಪದವಿಗಳು ತಾವಾಗಿಯೇ ಅವರ ಕೈಗೆ ಬಂದವು. ಅವುಗಳಲ್ಲಿ ತಮ್ಮದಾದುದನ್ನು ಅವರು ಬಿಡಲಿಲ್ಲ, ತಮ್ಮದಲ್ಲದುದನ್ನು ಇಟ್ಟುಕೊಳ್ಳಲಿಲ್ಲ.

ಅವರು ಜನಿಸಿದುದು ಸುಮಾರು 1460ರಲ್ಲಿ, ಮೈಸೂರು ಸೀಮೆಯ ಬನ್ನೂರಿನಲ್ಲಿ. ತಂದೆ ಬಲ್ಲಣ್ಣ ಸುಮತಿ. ಬಹುಕಾಲ ಸಂತಾನವಿಲ್ಲದೆ ಕೊರಗುತ್ತಿದ್ದ ಈ ಗೃಹಸ್ಥರಿಗೆ ಅಬ್ಬೂರಿನ ಶ್ರೀ ಬ್ರಹ್ಮಣ್ಯತೀರ್ಥರ ಅನುಗ್ರಹದಿಂದ ಮಕ್ಕಳಾದರೆಂದೂ, ಅವರಲ್ಲಿ ಒಬ್ಬನನ್ನು ಮಠಕ್ಕೆ ಒಪ್ಪಿಸಬೇಕೆಂದು ಮೊದಲೇ ಮಾತಾಗಿತ್ತೆಂದೂ ಐತಿಹ್ಯವಿದೆ. ಆ ಮಗುವಿಗೆ ಯತಿರಾಜನೆಂಬ ನಾಮಧೇಯವಾಯಿತು. ಉಪನಯನವಾಗಿ ಪ್ರಾರಂಭದ ವಿದ್ಯಾಭ್ಯಾಸ ಮುಗಿದ ಮೇಲೆ ಹುಡುಗನು ಚನ್ನಪಟ್ಟಣದ ಬಳಿಯ ಅಬ್ಬೂರಿನ ಮಠವನ್ನು ಸೇರಿದನು.

ಕೊಟ್ಟ ಮಾತು ತಂದೆಯದು. ಪಡೆದ ಮಾತು ಗುರುವಿನದು. ಮಗನ ಮನಸ್ಸನ್ನು ಯಾರೂ ಕೇಳಿರಲಿಲ್ಲ. ಪ್ರಾಯಕ್ಕೆ ಬರುತ್ತಿದ್ದ ಯತಿರಾಜನಿಗೆ ಗುರುಗಳು ತನಗೆ ಸಂನ್ಯಾಸವನ್ನು ಕೊಟ್ಟು ಪೀಠದಲ್ಲಿ ಕೂರಿಸುವ ಸಂಕಲ್ಪದಲ್ಲಿದ್ದಾರೆಂದು ಕ್ರಮೇಣ ತಿಳಿದುಬಂತು. ತಿಳಿದೊಡನೆ ಅವನಿಗೆ ಸಂತೋಷವಾಗಲಿಲ್ಲ, ಭಯವಾಯಿತು. ಕಾವಿಯು ಒಮ್ಮೆ ಉಟ್ಟರೆ ಕಳಚುವ ವಸ್ತ್ರವಲ್ಲ. ಆ ವಸ್ತ್ರವನ್ನು ಹೊರುವ ಯೋಗ್ಯತೆ ತನ್ನಲ್ಲಿದೆಯೇ ಎಂಬುದು ಅವನಿಗೆ ನಿಶ್ಚಯವಾಗಿರಲಿಲ್ಲ. ಒಂದು ರಾತ್ರಿ ಯಾರಿಗೂ ತಿಳಿಸದೆ ಮಠವನ್ನು ಬಿಟ್ಟು ಹೊರಟನು. ದಟ್ಟವಾದ ಕಾಡಿನಲ್ಲಿ ನಡೆದು ನಡೆದು ಬಳಲಿ ಒಂದು ಮರದ ಕೆಳಗೆ ಮಲಗಿದನು. ಆಗ ಶ್ರೀ ವಿಷ್ಣುವು ಸ್ವಪ್ನದಲ್ಲಿ ಕಾಣಿಸಿಕೊಂಡು ಅವನ ದಾರಿಯನ್ನು ಸೂಚಿಸಿದನೆಂದು ಚರಿತ್ರೆ ಹೇಳುತ್ತದೆ. ಬೆಳಗಾದಾಗ ಯತಿರಾಜನು ಹೋದ ದಾರಿಯಲ್ಲಿಯೇ ಹಿಂದಿರುಗಿ ಮಠದ ಬಾಗಿಲಿಗೆ ಬಂದನು. ಕೆಲವು ದಿನಗಳಲ್ಲಿ ಆಶ್ರಮಸ್ವೀಕಾರವಾಗಿ ವ್ಯಾಸತೀರ್ಥರೆಂಬ ಹೆಸರು ಬಂದಿತು.

ಈ ವೃತ್ತಾಂತವನ್ನು ಬರೆದಿಟ್ಟವನು ಸೋಮನಾಥ ಕವಿ. ಅವನು ವ್ಯಾಸತೀರ್ಥರ ಕಾಲದವನೇ; ಅವನ ಸಂಸ್ಕೃತ ಕೃತಿ ವ್ಯಾಸಯೋಗಿಚರಿತ. ತನ್ನ ಕಥಾನಾಯಕರ ಕೀರ್ತಿಯನ್ನು ಹಾಡಲು ಹೊರಟ ಕವಿಯು ಅವರು ಓಡಿಹೋದ ಪ್ರಸಂಗವನ್ನು ಮರೆಮಾಡಲಿಲ್ಲ. ಮರೆಮಾಡಬೇಕಾದ ಅವಶ್ಯಕತೆಯೂ ಇರಲಿಲ್ಲ. ಹಿರಿಯರು ಹೇಳಿದರೆಂಬ ಕಾರಣದಿಂದ ಮಾತ್ರವೇ ತೊಟ್ಟ ಕಾವಿಗೂ, ಒಮ್ಮೆ ದೂರ ಹೋಗಿ ದೇವರ ಕರೆಯನ್ನು ತಾನೇ ಕೇಳಿ ಹಿಂದಿರುಗಿ ಬಂದು ತೊಟ್ಟ ಕಾವಿಗೂ ಬಹಳ ಅಂತರವುಂಟು.

ಬ್ರಹ್ಮಣ್ಯತೀರ್ಥರು ಬೃಂದಾವನಸ್ಥರಾದಾಗ ವ್ಯಾಸತೀರ್ಥರು ಇನ್ನೂ ತರುಣರು. ಪೀಠವು ಬಂದಿತ್ತು, ಆದರೆ ಪಾಂಡಿತ್ಯವು ಪೀಠದೊಡನೆ ಬರುವುದಲ್ಲವೆಂಬುದನ್ನು ಅವರು ಬಲ್ಲವರಾಗಿದ್ದರು. ಮಠಾಧಿಪತಿಗಳೆಂಬ ಗೌರವವನ್ನು ಬದಿಗಿರಿಸಿ ಮತ್ತೆ ವಿದ್ಯಾರ್ಥಿಯಾದರು. ಕಂಚಿಗೆ ಹೋಗಿ ತರ್ಕ, ಮೀಮಾಂಸೆ, ವೇದಾಂತಗಳನ್ನು ಅಭ್ಯಾಸ ಮಾಡಿದರು. ಅನಂತರ ಮುಳಬಾಗಿಲಿನಲ್ಲಿ ಶ್ರೀ ಶ್ರೀಪಾದರಾಜರ ಸನ್ನಿಧಿಯಲ್ಲಿ ಹಲವು ವರ್ಷ ಓದಿದರು. ದೇವರ ಪೂಜೆಯಲ್ಲಿ ಕನ್ನಡದ ಹಾಡಿಗೆ ಮಾನ್ಯತೆಯನ್ನು ತಂದುಕೊಟ್ಟವರು ಶ್ರೀಪಾದರಾಜರು. ವ್ಯಾಸತೀರ್ಥರು ಅವರಲ್ಲಿ ಕಲಿತುದು ಶಾಸ್ತ್ರವನ್ನು ಮಾತ್ರವಲ್ಲ. ಶ್ರೀಕೃಷ್ಣ ಎಂಬ ಅಂಕಿತದಲ್ಲಿ ಅವರು ಮುಂದೆ ಕನ್ನಡದಲ್ಲಿ ಕೀರ್ತನೆಗಳನ್ನು ರಚಿಸಿದುದಕ್ಕೆ ಬೀಜವು ಬಿದ್ದುದು ಅಲ್ಲಿಯೇ.

ಗುರುಗಳ ಅಪ್ಪಣೆಯಂತೆ ಅವರು ಚಂದ್ರಗಿರಿಗೆ ತೆರಳಿದರು. ಸಾಳುವ ನರಸಿಂಹನ ಆಳ್ವಿಕೆಯ ಕಾಲವದು. ಆ ಪ್ರಭುವೇ 1485ರಲ್ಲಿ ವಿಜಯನಗರದ ಸಿಂಹಾಸನವನ್ನೇರಿದವನು. ಚಂದ್ರಗಿರಿಯಲ್ಲಿ ವ್ಯಾಸತೀರ್ಥರಿಗೆ ರಾಜಮರ್ಯಾದೆಗಳು ದೊರೆತವು. ತಿರುಮಲೆಯ ಸಂಬಂಧವೂ ಆಗಲೇ ಕೂಡಿಬಂತು. ಶ್ರೀನಿವಾಸನ ಪೂಜೆಗೆ ಅಡ್ಡಿಯುಂಟಾದ ಒಂದು ಸಂಕಟಕಾಲದಲ್ಲಿ ವ್ಯಾಸತೀರ್ಥರು ಹನ್ನೆರಡು ವರ್ಷ ಆ ಪೂಜೆಯನ್ನು ನಡೆಸಿದರೆಂದೂ, ಅರ್ಚಕರ ವಂಶದ ಬಾಲಕನು ಬೆಳೆದು ಯೋಗ್ಯನಾದ ಕೂಡಲೆ ಅದನ್ನು ಅವನಿಗೆ ಒಪ್ಪಿಸಿ ಬೆಟ್ಟವನ್ನಿಳಿದರೆಂದೂ ಮಠದ ಸಂಪ್ರದಾಯವು ಹೇಳುತ್ತದೆ.

ಹನ್ನೆರಡು ವರ್ಷವೆಂದರೆ ಅಲ್ಪಕಾಲವಲ್ಲ. ಅಷ್ಟು ಕಾಲ ಕೈಯಲ್ಲಿದ್ದ ಹೊಲವನ್ನೇ ಹಿಂದಿರುಗಿಸಲು ಮನುಷ್ಯನ ಮನಸ್ಸು ಒಪ್ಪುವುದಿಲ್ಲ. ಕೈಯಲ್ಲಿದ್ದುದಾದರೋ ತಿರುಮಲೆಯೊಡೆಯನ ಪಾದಸೇವೆ. ಅದಕ್ಕಿಂತ ಹಿರಿದಾದುದು ವೈಷ್ಣವನಿಗೆ ಬೇರೊಂದಿಲ್ಲ. ಆದರೂ ಅದು ಇನ್ನೊಬ್ಬರ ಕುಲಕ್ಕೆ ಸೇರಿದ ಕೈಂಕರ್ಯ. ತಮ್ಮ ಕೈಗೆ ಬಂದುದು ಕಾಪಾಡುವುದಕ್ಕಾಗಿ ಮಾತ್ರ. ಕಾಪಾಡುವ ಕಾಲವು ಮುಗಿದೊಡನೆ ಅವರು ಬಿಟ್ಟುಕೊಟ್ಟರು. ಬಿಟ್ಟುಕೊಟ್ಟುದರಿಂದ ಭಕ್ತಿಯೇನೂ ಕುಂದಲಿಲ್ಲ. ಮುಂದೆ 1524ರಲ್ಲಿ ಅವರ ತಿರುಮಲೆಯ ಮಠಕ್ಕೂ ಸೇವೆಗಳಿಗೂ ಸಂಬಂಧಪಟ್ಟ ಶಾಸನಗಳು ಅಲ್ಲಿ ಹುಟ್ಟಿದವು. ಅಷ್ಟು ಹೊತ್ತಿಗೆ ಅವರು ಪೂಜೆ ಮಾಡುವವರಲ್ಲ. ಪೂಜೆಗೆ ನೆರವಾಗುವ ಭಕ್ತರು.

ಚಂದ್ರಗಿರಿಯಿಂದ ಅವರು ಹಂಪೆಗೆ ಬಂದರು. ಕಳಿಂಗದಿಂದ ಬಂದ ಬಸವಭಟ್ಟನೆಂಬ ಪಂಡಿತನು ರಾಜಸಭೆಯಲ್ಲಿ ವಾದಕ್ಕೆ ಆಹ್ವಾನವಿತ್ತಾಗ ಮೂವತ್ತು ದಿನಗಳ ಚರ್ಚೆಯ ಬಳಿಕ ವ್ಯಾಸತೀರ್ಥರು ಜಯಶೀಲರಾದರೆಂದು ಸೋಮನಾಥನು ಬರೆದಿದ್ದಾನೆ. 1509ರಲ್ಲಿ ಕೃಷ್ಣದೇವರಾಯನು ಪಟ್ಟವನ್ನೇರಿದ ಮೇಲೆ ಅವರ ಕೀರ್ತಿಯು ಶಿಖರವನ್ನು ಮುಟ್ಟಿತು. ತೆಲುಗಿನಲ್ಲಿ ಆಮುಕ್ತಮಾಲ್ಯದವನ್ನು ರಚಿಸಿದ ಆ ದೊರೆಯು ಕನ್ನಡದ ಈ ಯತಿಗಳನ್ನು ಗುರುವೆಂದು ಗೌರವಿಸಿದನು. ಎರಡು ಭಾಷೆಗಳು ಒಂದೇ ಮನೆಯ ಅಕ್ಕತಂಗಿಯರಂತೆ ಬಾಳುವ ಈ ಗಡಿನಾಡಿಗೆ ಅದಕ್ಕಿಂತ ಆಪ್ತವಾದ ಚಿತ್ರವಿಲ್ಲ. ರಾಯನು ಗುರುಗಳನ್ನು ಪೀಠದಲ್ಲಿ ಕುಳ್ಳಿರಿಸಿ ರತ್ನಾಭಿಷೇಕವನ್ನು ಮಾಡಿದ ಸಂಗತಿಯನ್ನು ಸೋಮನಾಥನು ವರ್ಣಿಸಿದ್ದಾನೆ.

ಮಠಗಳಲ್ಲಿಯೂ ಮನೆಗಳಲ್ಲಿಯೂ ಹೆಚ್ಚು ಪ್ರಚಾರದಲ್ಲಿರುವುದು ಕುಹೂಯೋಗದ ಕಥೆ. ಇದು ಸಂಪ್ರದಾಯವು ಉಳಿಸಿಕೊಂಡು ಬಂದ ಕಥೆ. ಭಕ್ತರು ಅದನ್ನು ಹಾಗೆಯೇ ಗ್ರಹಿಸತಕ್ಕದ್ದು. ಕೃಷ್ಣದೇವರಾಯನ ಜಾತಕದಲ್ಲಿ ಪ್ರಾಣಾಪಾಯವನ್ನು ಸೂಚಿಸುವ ಕುಹೂಯೋಗವು ಕಾಣಿಸಿತು. ಆ ಗಳಿಗೆಯಲ್ಲಿ ಸಿಂಹಾಸನದ ಮೇಲಿದ್ದವನಿಗೆ ಕೇಡು ತಪ್ಪದೆಂದು ಜ್ಯೋತಿಷಿಗಳು ನುಡಿದರು. ದೊರೆಯ ಸ್ಥಾನದಲ್ಲಿ ಕುಳಿತು ಆ ಕೇಡನ್ನು ತಾಳಬಲ್ಲವರು ವ್ಯಾಸತೀರ್ಥರೊಬ್ಬರೇ ಎಂದು ನಿರ್ಣಯವಾಯಿತು. ಅವರು ಕಾವಿಯನ್ನು ತೆಗೆಯಲಿಲ್ಲ, ದಂಡವನ್ನು ಬಿಡಲಿಲ್ಲ. ಹಾಗೆಯೇ ಹೋಗಿ ಕನ್ನಡ ರಾಜ್ಯ ರಮಾರಮಣನ ಸಿಂಹಾಸನದ ಮೇಲೆ ಕುಳಿತರು. ಕೇಡು ಸರ್ಪರೂಪದಲ್ಲಿ ಬಂದಿತು. ಅವರು ತಮ್ಮ ಕಾವಿಯ ಶಾಟಿಯನ್ನು ಅದರ ಮೇಲೆ ಎಸೆಯಲು ಅದು ಉರಿದು ಶಾಂತವಾಯಿತು. ಯೋಗವು ಕಳೆಯಿತು. ಯತಿಗಳು ಎದ್ದು ನಿಂತು ರಾಜ್ಯವನ್ನು ರಾಯನಿಗೆ ಒಪ್ಪಿಸಿ ಮಠಕ್ಕೆ ನಡೆದರು. ಅಂದಿನಿಂದ ವ್ಯಾಸತೀರ್ಥರನ್ನು ಜನರು ವ್ಯಾಸರಾಯರೆಂದು ಕರೆದರು.

ಈ ಕಥೆಯಲ್ಲಿ ಸರ್ಪವು ಉರಿದುದನ್ನೇ ಪವಾಡವೆಂದು ಜನ ಹೇಳುತ್ತಾರೆ. ವಿಚಾರ ಮಾಡಿ ನೋಡಿದರೆ ಅದಕ್ಕಿಂತ ದೊಡ್ಡ ಪವಾಡವೊಂದು ಅಲ್ಲಿದೆ. ತುಂಗಭದ್ರೆಯಿಂದ ದಕ್ಷಿಣಸಮುದ್ರದವರೆಗೆ ಹಬ್ಬಿದ ಸಾಮ್ರಾಜ್ಯದ ಗದ್ದುಗೆಯನ್ನು ಏರಿದ ವ್ಯಕ್ತಿಯು ತಾನಾಗಿಯೇ ಕೆಳಗಿಳಿದು ಬಂದುದೇ ಆ ಪವಾಡ. ಗದ್ದುಗೆಗಾಗಿ ಅಣ್ಣತಮ್ಮಂದಿರು ಕಾದಾಡಿದ ಕಾಲವದು. ಸೇನಾಪತಿಗಳು ಒಡೆಯರನ್ನು ಇಳಿಸಿ ತಾವು ಏರಿದ ಕಾಲ. ಅಂತಹ ಕಾಲದಲ್ಲಿ ಸಿಂಹಾಸನವನ್ನೇರಿದವರು ಅಪಾಯದ ಗಳಿಗೆಯನ್ನು ಮಾತ್ರ ತಮ್ಮ ಪಾಲಿಗೆ ತೆಗೆದುಕೊಂಡು, ಸುಖದ ಗಳಿಗೆಯನ್ನು ಅದರ ಒಡೆಯನಿಗೆ ಬಿಟ್ಟರು. ಹುಡುಗನಾಗಿದ್ದಾಗ ತಮ್ಮದಾಗಲಿದ್ದ ಪೀಠಕ್ಕೆ ಹೆದರಿ ಓಡಿದವರು, ಈಗ ತಮ್ಮದಲ್ಲದ ಪೀಠದ ಮೇಲೆ ನಿರ್ಭಯವಾಗಿ ಕುಳಿತರು. ಕರೆಯು ಯಾವುದಕ್ಕೆ ಎಂಬುದು ತಿಳಿದಿದ್ದವರಿಗೆ ಭಯಕ್ಕೂ ಎಡೆಯಿಲ್ಲ, ಆಸೆಗೂ ಎಡೆಯಿಲ್ಲ.

ರಾಜನಾಗಲಿಲ್ಲವೆಂದು ಪ್ರಜೆಗಳ ಯೋಗಕ್ಷೇಮವನ್ನು ಅವರು ಮರೆಯಲಿಲ್ಲ. 1526ರ ಶಾಸನವೊಂದು ಕೃಷ್ಣದೇವರಾಯನು ಅವರಿಗೆ ಬೆಟ್ಟಕೊಂಡವೆಂಬ ಗ್ರಾಮವನ್ನು ದತ್ತಿಯಾಗಿ ಕೊಟ್ಟುದನ್ನು ತಿಳಿಸುತ್ತದೆ. ಅಲ್ಲಿಯ ಕೆರೆಗೆ ವ್ಯಾಸಸಮುದ್ರವೆಂದು ಹೆಸರು. ಮಳೆಯನ್ನು ಕಾದು ಮುಗಿಲನ್ನು ನೋಡುವ ರಾಯಲಸೀಮೆಯ ರೈತನಿಗೆ ಒಂದು ಕೆರೆಯ ಬೆಲೆಯೇನೆಂಬುದನ್ನು ಯಾರೂ ವಿವರಿಸಬೇಕಾಗಿಲ್ಲ.

ಅವರ ನಿಜವಾದ ಕಾರ್ಯವಾದರೋ ಪಾಠವೇ. ನ್ಯಾಯಾಮೃತ, ತಾತ್ಪರ್ಯಚಂದ್ರಿಕಾ, ತರ್ಕತಾಂಡವ ಎಂಬ ಮೂರು ಗ್ರಂಥಗಳು ಅವರ ವಿದ್ವತ್ತಿನ ಸಾರ. ನ್ಯಾಯಾಮೃತಕ್ಕೆ ಉತ್ತರವಾಗಿ ಮಧುಸೂದನ ಸರಸ್ವತಿಗಳು ಅದ್ವೈತಸಿದ್ಧಿಯನ್ನು ರಚಿಸಿದರು. ಅಲ್ಲಿಂದ ಹೊರಟ ವಾದಪರಂಪರೆಯು ಶತಮಾನಗಳ ಕಾಲ ನಡೆಯಿತು. ಗುರುವಿನ ದೊಡ್ಡತನವು ಶಿಷ್ಯರಲ್ಲಿ ಕಾಣಬೇಕು. ವ್ಯಾಸರಾಯರು ತಮ್ಮ ಕರೆಯನ್ನು ತಿಳಿಯಲು ಒಂದು ರಾತ್ರಿ ಕಾಡಿನಲ್ಲಿ ಅಲೆದವರಾದುದರಿಂದಲೋ ಏನೋ, ಶಿಷ್ಯರ ಕರೆಯನ್ನು ಗುರುತಿಸುವುದರಲ್ಲಿ ನಿಪುಣರಾಗಿದ್ದರು.

ಕೋಟ್ಯಧೀಶನೆಂದು ಹೆಸರಾಗಿದ್ದ ಶ್ರೀನಿವಾಸ ನಾಯಕನು ಸರ್ವಸ್ವವನ್ನೂ ತ್ಯಜಿಸಿ ಅವರ ಬಳಿಗೆ ಬಂದನು. ಅವನಿಗೆ ಅವರು ಕಾವಿಯನ್ನು ಕೊಡಲಿಲ್ಲ. ತಂಬೂರಿಯ ದಾರಿಯನ್ನು ತೋರಿದರು. ಹೆಂಡತಿ ಮಕ್ಕಳೊಡನೆ ಸಂಸಾರಿಯಾಗಿಯೇ ಹಂಪೆಯ ಬೀದಿಗಳಲ್ಲಿ ಹಾಡುತ್ತ ನಡೆದ ಅವರು ಪುರಂದರದಾಸರಾದರು. ಕರ್ನಾಟಕ ಸಂಗೀತದ ಪಿತಾಮಹರೆನಿಸಿದರು. ಬಾಡದ ನಾಯಕನಾಗಿ ಕತ್ತಿಯನ್ನು ಹಿಡಿದಿದ್ದ ಕನಕನು ಕತ್ತಿಯನ್ನು ಬಿಟ್ಟು ಬಂದನು. ಕುರುಬರ ಕುಲದ ಆತನನ್ನು ಮಠದ ವಿದ್ವಾಂಸರು ಹೀನವಾಗಿ ಕಂಡರು. ಯಾರೂ ಇಲ್ಲದ ಕಡೆ ತಿಂದು ಬನ್ನಿರೆಂದು ಗುರುಗಳು ಎಲ್ಲರಿಗೂ ಬಾಳೆಯ ಹಣ್ಣನ್ನು ಕೊಟ್ಟಾಗ ದೇವರಿಲ್ಲದ ಸ್ಥಳವು ಸಿಗಲಿಲ್ಲವೆಂದು ಕನಕನೊಬ್ಬನೇ ಹಣ್ಣನ್ನು ಹಿಂದಕ್ಕೆ ತಂದ ಕಥೆಯನ್ನು ಮಕ್ಕಳೂ ಬಲ್ಲರು. ಆತನನ್ನು ಗುರುಗಳು ಪಂಡಿತನನ್ನಾಗಿ ಮಾಡಲು ಹೊರಡಲಿಲ್ಲ. ಆತನೊಳಗಿದ್ದ ದಾಸನನ್ನು ಲೋಕಕ್ಕೆ ತೋರಿದರು. ಸೋದೆಯ ಶ್ರೀ ವಾದಿರಾಜರಂತಹ ಯತಿಗಳಿಗೆ ಶಾಸ್ತ್ರದ ಪಾಠವನ್ನು ಹೇಳಿದರು. ಒಬ್ಬರಿಗೆ ಹಾಡು, ಒಬ್ಬರಿಗೆ ಶಾಸ್ತ್ರ, ಒಬ್ಬರಿಗೆ ಸಂಸಾರ, ಒಬ್ಬರಿಗೆ ಸಂನ್ಯಾಸ. ಎಲ್ಲರನ್ನೂ ಒಂದೇ ಅಚ್ಚಿನಲ್ಲಿ ಎರೆಯುವುದು ಅವರ ಪದ್ಧತಿಯಾಗಿರಲಿಲ್ಲ.

ಅವರು ಮಾಡಿದ ಇನ್ನೊಂದು ದಾನವನ್ನು ಈ ಸೀಮೆಯವರು ವಿಶೇಷವಾಗಿ ಸ್ಮರಿಸಬೇಕು. ಅವರಿಗೆ ವಿಷ್ಣುತೀರ್ಥರೆಂಬ ಮೆಚ್ಚಿನ ಶಿಷ್ಯರಿದ್ದರು. ಬೇರೊಂದು ಪೀಠದ ಶ್ರೀ ಸುರೇಂದ್ರತೀರ್ಥರು ತಮ್ಮ ಮಠಕ್ಕೆ ಉತ್ತರಾಧಿಕಾರಿಯನ್ನು ಬೇಡಿದಾಗ ವ್ಯಾಸರಾಯರು ಆ ಶಿಷ್ಯರನ್ನೇ ಕೊಟ್ಟರೆಂಬುದು ಸಂಪ್ರದಾಯ. ಅವರೇ ಕುಂಭಕೋಣದ ಶ್ರೀ ವಿಜಯೀಂದ್ರತೀರ್ಥರು. ಅವರ ಶಿಷ್ಯರು ಸುಧೀಂದ್ರತೀರ್ಥರು. ಸುಧೀಂದ್ರರ ಶಿಷ್ಯರು 1671ರಲ್ಲಿ ಮಂತ್ರಾಲಯದಲ್ಲಿ ಬೃಂದಾವನವನ್ನು ಪ್ರವೇಶಿಸಿದ ಶ್ರೀ ರಾಘವೇಂದ್ರಸ್ವಾಮಿಗಳು. ಅಂದು ವ್ಯಾಸರಾಯರು ಶಿಷ್ಯನು ತಮ್ಮ ಸೊತ್ತೆಂದು ಹಿಡಿದಿಟ್ಟುಕೊಂಡಿದ್ದರೆ ಆ ಪರಂಪರೆಯು ಯಾವ ದಾರಿಯನ್ನು ಹಿಡಿಯುತ್ತಿತ್ತೋ ಹೇಳಬಲ್ಲವರಾರು?

ಹನುಮಂತನಲ್ಲಿ ಅವರಿಗಿದ್ದ ಭಕ್ತಿಯೂ ಈ ದೃಷ್ಟಿಯಿಂದ ಅರ್ಥಪೂರ್ಣವಾಗಿದೆ. ಮಾಧ್ವರಿಗೆ ಮುಖ್ಯಪ್ರಾಣನು ಸಂಪ್ರದಾಯದ ಮೂಲಗುರು. ಹಂಪೆಯ ಚಕ್ರತೀರ್ಥದ ಬಳಿ ವ್ಯಾಸರಾಯರು ಬಂಡೆಯ ಮೇಲೆ ದಿನವೂ ಹನುಮನ ರೂಪವನ್ನು ಬರೆಯುತ್ತಿದ್ದರು. ಪೂಜೆ ಮುಗಿದೊಡನೆ ಅದು ಕಪಿಯಾಗಿ ನೆಗೆದು ಹೋಗುತ್ತಿತ್ತು. ಹನ್ನೆರಡು ದಿನ ಹೀಗಾದ ಮೇಲೆ ಯಂತ್ರದೊಳಗೆ ಸ್ವಾಮಿಯನ್ನು ನೆಲೆಗೊಳಿಸಿದರೆಂಬುದು ಯಂತ್ರೋದ್ಧಾರಕ ಹನುಮಂತನ ಸ್ಥಳಪುರಾಣ. ಲಂಕೆಯಲ್ಲಿ ಸೀತಾಮಾತೆಯನ್ನು ಬೆನ್ನಮೇಲೆ ಹೊತ್ತು ತರುವ ಬಲವು ಹನುಮಂತನಿಗಿತ್ತು. ಆ ಮಾತನ್ನು ಅವನು ಆಡಿಯೂ ಆಡಿದನು. ಬಿಡಿಸಿಕೊಂಡು ಹೋಗುವ ಕಾರ್ಯವು ಶ್ರೀರಾಮನದೆಂದು ತಾಯಿಯು ತಿಳಿಸಲು ಚೂಡಾಮಣಿಯನ್ನು ಮಾತ್ರ ತೆಗೆದುಕೊಂಡು ಹಿಂದಿರುಗಿದನು. ರಾವಣನು ಬಿದ್ದ ಮೇಲೆ ಲಂಕೆಯು ವಿಭೀಷಣನಿಗೆ ಬಂತು, ಕಿಷ್ಕಿಂಧೆಯು ಮೊದಲೇ ಸುಗ್ರೀವನಿಗೆ ಬಂದಿತ್ತು. ಹನುಮಂತನಿಗೆ ಯಾವ ರಾಜ್ಯವೂ ಬರಲಿಲ್ಲ. ಅವನು ಬೇಡಲೂ ಇಲ್ಲ. ರಾಜ್ಯವನ್ನು ಮುಟ್ಟಿಯೂ ಮುಟ್ಟದಂತಿದ್ದ ಯತಿಗಳು ರಾಜ್ಯವನ್ನೇ ಬೇಡದ ಆ ಸೇವಕನನ್ನು ಊರೂರಿನಲ್ಲಿ ನಿಲ್ಲಿಸಿ ಹೋದರು.

ಕೃಷ್ಣದೇವರಾಯನು 1529ರಲ್ಲಿ ಗತಿಸಿದನು. ಅಚ್ಯುತರಾಯನ ಕಾಲದಲ್ಲಿಯೂ ವ್ಯಾಸರಾಯರ ಗೌರವವು ಕಡಮೆಯಾಗಲಿಲ್ಲ. 1532ರಲ್ಲಿ ಹಂಪೆಯ ವಿಠ್ಠಲ ದೇವಾಲಯದ ಪ್ರಾಂಗಣದಲ್ಲಿ ಅವರು ಯೋಗವರದ ನರಸಿಂಹನನ್ನು ಪ್ರತಿಷ್ಠಿಸಿದರು. ವಿಲಂಬಿ ಸಂವತ್ಸರದ ಫಾಲ್ಗುಣ ಬಹುಳ ಚತುರ್ಥಿಯಂದು, ಅಂದರೆ 1539ರಲ್ಲಿ, ಅವರು ಹರಿಪಾದವನ್ನು ಸೇರಿದರು. ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಾದ ನವಬೃಂದಾವನದಲ್ಲಿ, ಎಂಟು ಯತಿಗಳ ಬೃಂದಾವನಗಳ ನಡುವೆ ಅವರ ಬೃಂದಾವನವಿದೆ. ಅವರು ದಾನಮಾಡಿದ ಶಿಷ್ಯರ ಶಿಷ್ಯರಾದ ಸುಧೀಂದ್ರತೀರ್ಥರೂ ಅಲ್ಲಿಯೇ ನೆಲೆಸಿದ್ದಾರೆ.

2019ರ ಜುಲೈ ತಿಂಗಳಿನಲ್ಲಿ ಒಂದು ರಾತ್ರಿ ನಿಧಿಗಳ್ಳರು ಆ ಬೃಂದಾವನವನ್ನು ಕೆಡವಿ ಅಗೆದರು. ಸಾಮ್ರಾಜ್ಯದ ಸಿಂಹಾಸನವನ್ನೇ ಹಿಂದಕ್ಕೆ ಕೊಟ್ಟವರು ತಮ್ಮ ಕೆಳಗೆ ಚಿನ್ನವನ್ನು ಬಚ್ಚಿಟ್ಟುಕೊಂಡಿರಬಹುದೆಂದು ಆ ಮೂಢರು ಭಾವಿಸಿದರು. ಸುದ್ದಿಯು ಹರಡಿದೊಡನೆ ಮಠಾಧಿಪತಿಗಳೂ ಭಕ್ತರೂ ನದಿಯನ್ನು ದಾಟಿ ಬಂದರು. ಕಲ್ಲು ಹೊರುವವರು ಹೊತ್ತರು, ಕಟ್ಟಬಲ್ಲವರು ಕಟ್ಟಿದರು, ಮಂತ್ರ ಬಲ್ಲವರು ಪಠಿಸಿದರು. ಕೆಲವೇ ದಿನಗಳಲ್ಲಿ ಬೃಂದಾವನವು ಪುನಃ ಎದ್ದುನಿಂತಿತು; ಪೂಜೆಯು ಮುಂದುವರಿಯಿತು.

ಪ್ರತಿಯೊಂದು ಜೀರ್ಣೋದ್ಧಾರವೂ ನಡೆಯುವುದು ಹೀಗೆಯೇ. ಶಿಲ್ಪಿಯು ಅರ್ಚಕನಾಗಬೇಕಾಗಿಲ್ಲ, ಅರ್ಚಕನು ಧರ್ಮದರ್ಶಿಯಾಗಬೇಕಾಗಿಲ್ಲ. ಭಜನೆಯವನ ತಾಳವೂ ಕೂಲಿಯವನ ಬುಟ್ಟಿಯೂ ಸ್ವಾಮಿಯ ಲೆಕ್ಕದಲ್ಲಿ ಒಂದೇ. ದೊರೆಯದ ಪದವಿಗಾಗಿ ಕೊರಗುವವರೂ, ದೊರೆತ ಪದವಿಯನ್ನು ಬಿಡಲಾರದವರೂ ಎಲ್ಲ ಊರುಗಳಲ್ಲಿಯೂ ಇರುತ್ತಾರೆ. ತಾನು ಯಾವುದಕ್ಕೆ ಕರೆಯಲ್ಪಟ್ಟವನೆಂದು ತಿಳಿಯದೆ ತೊಳಲುವ ಮಕ್ಕಳೂ ಇರುತ್ತಾರೆ. ಅವರೆಲ್ಲರೂ ಮಠವನ್ನು ಬಿಟ್ಟು ಕಾಡಿಗೆ ಓಡಿದ ಆ ಬನ್ನೂರಿನ ಬಾಲಕನನ್ನು ಒಮ್ಮೆ ನೆನೆಯಲಿ. ಅವರವರ ಪಾಲಿನ ಸೇವೆಯನ್ನು ಅವರವರಿಗೆ ತೋರುವ ಅನುಗ್ರಹವು ಶ್ರೀ ವ್ಯಾಸರಾಯರ ಅಂತರ್ಯಾಮಿಯಾದ ಮುಖ್ಯಪ್ರಾಣನಿಂದ ಸಕಲ ಭಕ್ತರಿಗೂ ಲಭಿಸಲಿ.